ಹನ್ನೊಂದರಿಂದ ಆರಕ್ಕೆ

ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದೆ, ಗುರುವಾರ ಸಂಜೆ,
ಆಗ ಬಂತು ಮೇಲ್:
ಸೋಮವಾರದಿಂದ ಐದೂ ದಿನ ಆಫೀಸಿನಲ್ಲೇ,
ನಾವೆಲ್ಲ ಒಂದು ಕುಟುಂಬ.
ಕುಟುಂಬದಲ್ಲಿ ನಾವು ಐವತ್ತೆಂಟು ಜನ.
ಕುರ್ಚಿ ನಲವತ್ತಮೂರು.

ಶಾರ್ಜಾದ ನಮ್ಮ ಬಾಲ್ಕನಿಯಿಂದ ದೇರಾ
ಪಾರಿವಾಳಕ್ಕೆ ಹತ್ತು ನಿಮಿಷ.
ನನಗೆ ಒಂದೂಕಾಲು ಗಂಟೆ ಇತ್ತಿಹಾದ್ ರಸ್ತೆಯಲ್ಲಿ.
ಇತ್ತಿಹಾದ್ ಅಂದರೆ ಒಕ್ಕೂಟವಂತೆ.
ಸುಳ್ಳಲ್ಲ,
ಎಲ್ಲರೂ ಒಟ್ಟಿಗೇ ನಿಂತಿರುತ್ತೇವೆ.

ಎರಡು ವರ್ಷ ಊಟದ ಮೇಜಿನಿಂದಲೇ
ಹಡಗು ಹತ್ತಿಸಿದ್ದೆ
ಮೊಂಬಾಸಾಕ್ಕೆ ಟೈಲ್ಸು, ಬಸ್ರಾಕ್ಕೆ ಹಾಲಿನ ಪುಡಿ,
ಯಾರದೋ ಮದುವೆಗೆ ಜಾಂಜಿಬಾರಿಗೆ ಮುನ್ನೂರು ಕುರ್ಚಿ.
ಕುಕ್ಕರಿನ ಮೂರನೇ ಸೀಟಿಗೆ ಸರಿಯಾಗಿ
ಕಸ್ಟಮ್ಸಿನವ ಫೋನೆತ್ತುತ್ತಿದ್ದ.
ಒಂದೇ ಒಂದು ಪೆಟ್ಟಿಗೆಗೆ ಡೆಮರೇಜ್ ಬಿದ್ದದ್ದಿಲ್ಲ,
ಬರೆದಿಟ್ಟಿದ್ದೇನೆ.

ನನ್ನಪ್ಪ ಗಂಗೊಳ್ಳಿಯಲ್ಲಿ ತಾಂಡೇಲ.
ಹರಾಜಿನ ಕಟ್ಟೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುತ್ತಾರೆ,
ಹಿಡಿದವ ದೋಣಿಯ ಯಾವ ತುದಿಗೆ ಕೂತಿದ್ದ
ಅಂತ ಕೇಳಿದವರನ್ನು ನಾನು ಕಂಡಿಲ್ಲ.

ಸೋಮವಾರ ಕುರ್ಚಿ ಸಿಗಲಿಲ್ಲ.
ಪ್ಯಾಂಟ್ರಿಯಲ್ಲಿ, ಸಕ್ಕರೆ ಡಬ್ಬಿಯ ಪಕ್ಕ ಲ್ಯಾಪ್‌ಟಾಪು.
ಎರಡು ಮಾರು ದೂರದ ಜಯಶೀಲನ ಜೊತೆ
ಹೆಡ್‌ಫೋನಿನಲ್ಲಿ ಮೀಟಿಂಗು.
ನಿನ್ನ ದನಿ ಎರಡೆರಡು ಸಲ ಕೇಳ್ತದೆ ಮಾರಾಯ್ತಿ, ಅಂದ.
ಹಿಶಾಮ್ ಸಾರ್ ಮಾತ್ರ ಬೈರೂತಿನಿಂದ, ಪರದೆಯ ಮೇಲೆ.
ಮುಖಾಮುಖಿ ಇರಬೇಕು ಎನ್ನುವಾಗ
ಹಿಂದಿನಿಂದ ಒಂದು ಬೆಕ್ಕು ದಾಟಿ ಹೋಯಿತು.

ಮಗಳ ಬಸ್ಸು ಎರಡೂಮುಕ್ಕಾಲಿಗೆ.
ಗಂಡ ರಿಗ್ಗಿನಲ್ಲಿ, ತಿಂಗಳಿಗೊಮ್ಮೆ ದಡ.
ಎದುರುಮನೆಯ ಪೆಶಾವರದ ಅಜ್ಜಿ ಇಳಿಸಿಕೊಳ್ಳುತ್ತಾಳೆ, ಪುಣ್ಯಾತ್ಗಿತ್ತಿ.
ಮಗಳೀಗ ಮಗ್ಗಿ ಹೇಳುವುದು ಪಶ್ತೋದಲ್ಲಿ.
ತಪ್ಪಿದರೆ ತಿದ್ದಲು ನನಗೆ ಬರುವುದಿಲ್ಲ.

ಆರನೇ ಮಹಡಿಯವರು ನಮ್ಮ ಶತ್ರುಗಳು.
ಅದೇ ಕಟ್ಟಡ, ಅದೇ ಲಿಫ್ಟು,
ನಮ್ಮದೇ ದರಕ್ಕೆ ಐದು ಡಾಲರ್ ಕಡಿಮೆ.
ಒಂದು ದಿನ ಇಳಿಯುವಾಗ ಅವರ ಮೇರಿವಿಕ್ ಮೇಡಂ
ನನ್ನ ಮುಖ ನೋಡಿದಳೋ, ಚೀಲದ ಭಾರ ನೋಡಿದಳೋ,
ಒಂಬತ್ತರಲ್ಲಿ ಹೆಸರು ಕೇಳಿದಳು,
ಎಂಟರಲ್ಲಿ ಸಂಬಳ,
ಏಳರಲ್ಲಿ, ನಮಗೆ ಎರಡು ದಿನ ಸಾಕು ಅಂದಳು.
ಬಾಗಿಲು ತೆರೆಯಿತು.

ನಿಷ್ಠೆ ಎನ್ನುವುದಿಲ್ಲವಾ? ಕೇಳಿತು ಬೈರೂತು.
ಇತ್ತು ಸಾರ್. ಏಳು ವರ್ಷದ್ದು.
ಮೂಲ ವೇತನದ ಮೇಲೆ, ವರ್ಷಕ್ಕಿಷ್ಟು ದಿನವೆಂದು
ನಿಮ್ಮ ಲೆಕ್ಕಿಗರೇ ಗುಣಿಸಿ ಕೊಟ್ಟಿದ್ದಾರೆ,
ರುಜು ಹಾಕಿದ್ದೇನೆ.

ಕೊನೆಯ ದಿನ ಶಂಸುಲ್ ಸುಲೈಮಾನಿ ತಂದಿಟ್ಟ.
ನಾವೆಲ್ಲ ಮನೆಯಲ್ಲಿದ್ದ ಆ ಎರಡು ವರ್ಷ
ದಿನವೂ ಬಂದು
ನಲವತ್ತಮೂರು ಖಾಲಿ ಕುರ್ಚಿ ಒರೆಸಿದವನು.
ಯಾವ ಮೇಲಿನಲ್ಲೂ ಅವನ ಹೆಸರಿರಲಿಲ್ಲ,
ನನ್ನ ಸಿಟ್ಟಿನಲ್ಲೂ.
ನನಗೂ ಮನೆಯಿಂದ ಮಾಡು ಅಂದಿದ್ದರೆ ಮೇಡಂ,
ನನ್ನ ಮನೆ ನೋವಾಖಾಲಿ,
ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಚಹಾ ಆರಿಹೋಗೋದು,
ಅಂದು ನಕ್ಕ. ನಾನೂ ನಕ್ಕೆ,
ಒಂದು ಗುಟುಕು ತಡವಾಗಿ.

ಈಗ ಮಂಗಳವಾರ, ಬುಧವಾರ ಮಾತ್ರ.
ಆದರೂ ಬೆರಳಿಗೆ ಹೇಳಿದವರಿಲ್ಲ,
ಮೊನ್ನೆ ಕೂಡ ಹನ್ನೊಂದನ್ನೇ ಒತ್ತಿತು.
ಆರು ದಾಟಿತು, ಗೊತ್ತಾಗಲಿಲ್ಲ.
ತೆರೆದರೆ ಎದುರಿಗೆ ಟ್ರೇ ಹಿಡಿದ ಶಂಸುಲ್,
ಅವನ ಬೆನ್ನಿಗೆ ಕುರ್ಚಿಗಳ ಸಾಲು.
ಹದಿನೇಳು ಖಾಲಿ. ಎಣಿಸಿದೆ.
ಒಂದು ಕಾಲು ಬಾಗಿಲಿಗೆ ಅಡ್ಡ ಇಟ್ಟು
ಕೇಳಿದ, ಕೆಳಗಾ ಮೇಡಂ?